ನಿಲ್ಲುವ ಹೊತ್ತಿಗೆ ಹಿಂದಿನ ಬ್ರೇಕ್ ಪೆಡಲ್ ಟಕಟಕ ಒದೆಯುತ್ತದೆ, ಆಮೇಲೆ ಎಬಿಎಸ್ ಲೈಟ್ ಹತ್ತುತ್ತದೆ. ಮಾಡ್ಯೂಲ್ ಹೋಗಿದೆಯಾ?

ಮಲ್ನಾಡ್ ಸವಾರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಬೈಕಿನ ಹಿಂದಿನ ಬ್ರೇಕ್ ವಿಚಾರದಲ್ಲಿ ತಿಳಿದವರ ಸಹಾಯ ಬೇಕು. 350 ಸಿಸಿ ಗಾಡಿ, ಬಿಎಸ್6, ಎರಡೂ ಕಡೆ ಡಿಸ್ಕ್, ಡ್ಯುಯಲ್ ಚಾನೆಲ್ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಎರಡೂ ಚಕ್ರಕ್ಕಿದೆ. ಕಂಪನಿ ಹೆಸರು ಬೇಡ, ಇದು ಯಾವ ಗಾಡಿಗೂ ಬರಬಹುದಾದ ತೊಂದರೆ ಅನ್ನಿಸುತ್ತದೆ.

ಆಗುತ್ತಿರುವುದು ಹೀಗೆ. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಎಬಿಎಸ್ ಲೈಟ್ ಹತ್ತುತ್ತದೆ. ಹತ್ತಲೇಬೇಕು, ಅದು ಗೊತ್ತು. ಗಾಡಿ ಹೊರಟು ನಾಲ್ಕು ಮಾರು ಹೋಗುವಷ್ಟರಲ್ಲಿ ಆರುತ್ತದೆ. ಅಲ್ಲಿಗೆ ಎಲ್ಲಾ ಸರಿ. ಆಮೇಲೆ ಪೇಟೆಯೊಳಗೆ ನಿಧಾನಕ್ಕೆ ಹೋಗುತ್ತಾ ಹಿಂದಿನ ಬ್ರೇಕ್ ಒತ್ತಿದರೆ, ಇನ್ನೇನು ನಿಲ್ಲಬೇಕು ಅನ್ನುವಾಗ, ಒಂದು 15–20 ಕಿ.ಮೀ. ವೇಗದಲ್ಲಿ, ಪೆಡಲ್ ಅಂಗಾಲಿಗೆ ಟಕಟಕ ಒದೆಯುತ್ತದೆ, ಬ್ರೇಕ್ ಬಿಟ್ಟುಕೊಂಡ ಹಾಗಾಗಿ ಗಾಡಿ ಸ್ವಲ್ಪ ಮುಂದೆ ಓಡುತ್ತದೆ. ಒಣ ಟಾರ್ ರಸ್ತೆ. ಮರಳಿಲ್ಲ, ಕೆಸರಿಲ್ಲ, ಚಕ್ರ ಲಾಕ್ ಆಗುವಷ್ಟು ಜೋರಾಗಿ ಒತ್ತಿಯೂ ಇಲ್ಲ. ಆಮೇಲೆ ಶಿವಮೊಗ್ಗ ರೋಡಿಗೆ ಬಂದು 40 ದಾಟಿದರೆ ಎಬಿಎಸ್ ಲೈಟ್ ಮತ್ತೆ ಹತ್ತಿ ಹಾಗೇ ಉಳಿಯುತ್ತದೆ. ವಿಚಿತ್ರ ಏನೆಂದರೆ, ಲೈಟ್ ಹತ್ತಿದ ಮೇಲೆ ಒದೆಯುವುದು ನಿಲ್ಲುತ್ತದೆ, ಬ್ರೇಕ್ ಮಾಮೂಲಿನಂತೆ ಹಿಡಿಯುತ್ತದೆ. ಕೀ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲಿನಿಂದ ಅದೇ ಕಥೆ.

ಮೊನ್ನೆ ಆಗುಂಬೆ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಬಸ್ಸಿಗೆ ದಾರಿ ಬಿಡಲು ನಿಲ್ಲಿಸಲು ಹೋದೆ, ಪೆಡಲ್ ಒದೆಯಿತು, ಗಾಡಿ ನಿಲ್ಲಲಿಲ್ಲ, ಮುಂದಿನ ಬ್ರೇಕ್ ಹಿಡಿದು ನಿಲ್ಲಿಸಬೇಕಾಯಿತು. ಹಿಂದೆ ಹೆಂಡತಿ, ಮಧ್ಯೆ ಮಗು. ಅವತ್ತಿನಿಂದ ಮನೆಯವರನ್ನು ಕೂರಿಸಿಕೊಂಡು ಗಾಡಿ ತೆಗೆದಿಲ್ಲ.

ಸರ್ವಿಸ್ ಸೆಂಟರಿಗೆ ಬಿಟ್ಟಿದ್ದೆ. ಬ್ರೇಕ್ ಆಯಿಲ್ ಬದಲಿಸಿ ಏರ್ ತೆಗೆದರು, ಏನೂ ಬದಲಾಗಲಿಲ್ಲ. ಈಗ ಎಬಿಎಸ್ ಮಾಡ್ಯೂಲೇ (ವಾಲ್ವ್, ಪಂಪ್, ಕಂಟ್ರೋಲರ್ ಎಲ್ಲ ಇರುವ ಡಬ್ಬಿ) ಹೋಗಿದೆ, ಪೂರ್ತಿ ಬದಲಿಸಬೇಕು, ಇಪ್ಪತ್ತು ಸಾವಿರದ ಮೇಲೆ ಆಗುತ್ತದೆ ಎನ್ನುತ್ತಾರೆ. ವಾರಂಟಿ ಮುಗಿದಿದೆ. ಸ್ಕ್ಯಾನರ್ ಹಾಕಿ ನೋಡಿದಿರಾ ಎಂದು ಕೇಳಿದರೆ ನೇರ ಉತ್ತರ ಬರಲಿಲ್ಲ. ಊರಿನ ಮೆಕ್ಯಾನಿಕ್ ಒಬ್ಬರು ಎಬಿಎಸ್ ಫ್ಯೂಸ್ ಕಿತ್ತು ಆರಾಮಾಗಿ ಓಡಿಸಿ ಎನ್ನುತ್ತಿದ್ದಾರೆ. ಯಾರ ಮಾತು ಕೇಳುವುದು? ಯಾರಿಗಾದರೂ ಹೀಗೆ ಆಗಿತ್ತಾ?

ಕುಡ್ಲ ರೈಡರ್

ಘಾಟಿ ಇಳಿಯುವಾಗ ಆಗಿದ್ದು ಅಂದರೆ ನನಗೆ ಆಯಿಲ್ ಮೇಲೇ ಅನುಮಾನ ಮಾರಾಯ್ರೆ. ಹಿಂದಿನ ಬ್ರೇಕ್ ಒಂದೇ ಸಮ ಒತ್ತಿಕೊಂಡು ಇಳಿದರೆ ಡಿಸ್ಕ್ ಹಿಡಿಯುವ ಕ್ಯಾಲಿಪರ್ ಕಾದು ಆಯಿಲ್ ಕುದಿಯುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೂ ಕುದಿಯುವುದಿಲ್ಲ, ಆದರೆ ಅದು ಗಾಳಿಯ ತೇವ ಕುಡಿಯುತ್ತದೆ, ಹಳತಾದ ಮೇಲೆ 155 ಡಿಗ್ರಿ ಹತ್ತಿರ ಇಳಿಯುತ್ತದೆ. ನಮ್ಮ ಕರಾವಳಿ, ನಿಮ್ಮ ಮಲೆನಾಡು ಎರಡೂ ಕಡೆ ತೇವ ಜಾಸ್ತಿ ಅಲ್ವಾ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಸರ್ವಿಸ್ ಸೆಂಟರಿನವರು ಬದಲಿಸಿದ್ದು ನಿಜವಾ, ಇಲ್ಲ ಬಿಲ್ಲಿನಲ್ಲಿ ಮಾತ್ರವಾ? ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಬಣ್ಣ ನೋಡಿ. ಕಂದು ಬಣ್ಣ ಇದ್ದರೆ ಅದು ಹಳೇ ಆಯಿಲ್.

ಗ್ಯಾರೇಜ್ ಮನುಷ್ಯ, ಹುಬ್ಬಳ್ಳಿ

ಮಲ್ನಾಡ್ ಸವಾರ ಅವರೇ, ಮಾಡ್ಯೂಲಿಗೆ ಈಗಲೇ ದುಡ್ಡು ಕೊಡಬೇಡಿ, ಸ್ವಲ್ಪ ತಡೆಯಿರಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ.

ಮೊದಲು ಆಯಿಲ್ ಮಾತು ಮುಗಿಸುತ್ತೇನೆ. ಆಯಿಲ್ ಕುದ್ದರೆ ಅಥವಾ ಲೈನಿನಲ್ಲಿ ಏರ್ ಇದ್ದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಒದೆಯುವುದಿಲ್ಲ. ಎಬಿಎಸ್ ಲೈಟನ್ನೂ ಹತ್ತಿಸುವುದಿಲ್ಲ. ಇವರದ್ದು ಪೇಟೆಯೊಳಗೆ, ತಣ್ಣಗಿರುವ ಬ್ರೇಕಿನಲ್ಲೂ ಆಗುತ್ತಿದೆ. ಹಾಗಾಗಿ ಅದು ಅಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂದಿದ್ದು ಮಾತ್ರ ನೂರಕ್ಕೆ ನೂರು ಸರಿ.

ಇಲ್ಲಿ ನೋಡಬೇಕಾದದ್ದು ಲೈಟ್ ಯಾವಾಗ ಹತ್ತುತ್ತದೆ ಅನ್ನುವುದನ್ನ. ಕೀ ಆನ್ ಮಾಡಿದಾಗ ಎಬಿಎಸ್ ಕಂಟ್ರೋಲರ್ ತನ್ನ ಫ್ಯೂಸ್, ವಾಲ್ವ್ ಕಾಯಿಲ್, ಸೆನ್ಸಾರ್ ವೈರ್, ಬ್ಯಾಟರಿ ವೋಲ್ಟೇಜ್ ಎಲ್ಲ ಒಂದು ಸುತ್ತು ನೋಡಿಕೊಳ್ಳುತ್ತದೆ. ಗಾಡಿ ಹೊರಟು ಎರಡೂ ಚಕ್ರದಿಂದ ಸಿಗ್ನಲ್ ಬಂದರೆ ಲೈಟ್ ಆರಿಸುತ್ತದೆ. ವಾಲ್ವ್ ಸುಟ್ಟಿದ್ದರೆ, ವೈರ್ ತುಂಡಾಗಿದ್ದರೆ, ಫ್ಯೂಸ್ ಹೋಗಿದ್ದರೆ ಸಾಮಾನ್ಯವಾಗಿ ಲೈಟ್ ಆರುವುದೇ ಇಲ್ಲ, ಗಾಡಿ ಎಷ್ಟು ದೂರ ಹೋದರೂ ಹತ್ತಿಕೊಂಡೇ ಇರುತ್ತದೆ. ನಿಮ್ಮದು ಆರುತ್ತಿದೆ. ಆರಿದ ಮೇಲೆ ಓಡುತ್ತಾ ಓಡುತ್ತಾ ಮತ್ತೆ ಹತ್ತುತ್ತಿದೆ. ಅಂದರೆ ಕಂಟ್ರೋಲರ್ ಬದುಕಿದೆ, ಅದಕ್ಕೆ ಬರುತ್ತಿರುವ ಸುದ್ದಿ ಸರಿ ಇಲ್ಲ.

ಆ ಸುದ್ದಿ ಎಲ್ಲಿಂದ ಬರುತ್ತದೆ ಅಂದರೆ, ಹಿಂದಿನ ಡಿಸ್ಕ್ ಪಕ್ಕದಲ್ಲಿ ಅದಕ್ಕಿಂತ ಚಿಕ್ಕದಾದ ಒಂದು ತೆಳು ತಗಡಿನ ರಿಂಗ್ ಇದೆ, ಸುತ್ತಲೂ ಒಂದೇ ಅಳತೆಯ ಕಿಂಡಿಗಳು. ಅದಕ್ಕೆ ಎದುರಾಗಿ ಬ್ರಾಕೆಟ್ಟಿನಲ್ಲಿ ಸೆನ್ಸಾರ್ ಕೂತಿರುತ್ತದೆ, ಕಪ್ಪು ಪ್ಲಾಸ್ಟಿಕ್ಕಿನದು, ಒಂದೇ ಬೋಲ್ಟು. ಎರಡರ ಮಧ್ಯೆ ಸುಮಾರು ಒಂದು ಮಿ.ಮೀ. ಸಂದು. ಚಕ್ರ ತಿರುಗಿದಾಗ ಒಂದೊಂದು ಕಿಂಡಿ ದಾಟಿದಾಗಲೂ ಸೆನ್ಸಾರ್ ಒಂದು ಪಲ್ಸ್ ಕಳಿಸುತ್ತದೆ. ಕಂಟ್ರೋಲರ್ ಮುಂದಿನ ಚಕ್ರದ ವೇಗವನ್ನೂ ಹಿಂದಿನ ಚಕ್ರದ ವೇಗವನ್ನೂ ಸದಾ ಹೋಲಿಸುತ್ತಾ ಇರುತ್ತದೆ.

ಈಗ ಆ ರಿಂಗ್ ಒಂದು ಕಡೆ ಒಳಕ್ಕೆ ಬಗ್ಗಿದೆ ಅಂದುಕೊಳ್ಳಿ. ಆ ಜಾಗ ಸೆನ್ಸಾರ್ ಎದುರು ಬಂದಾಗ ಸಂದು ಜಾಸ್ತಿಯಾಗಿ ಒಂದೆರಡು ಪಲ್ಸ್ ತಪ್ಪುತ್ತವೆ. ಕಂಟ್ರೋಲರಿಗೆ ಕಾಣುವುದು ಏನು? ಮುಂದಿನ ಚಕ್ರ 18ರಲ್ಲಿ ತಿರುಗುತ್ತಿದೆ, ಹಿಂದಿನದು ಇದ್ದಕ್ಕಿದ್ದ ಹಾಗೆ ನಿಂತಿತು. ಬ್ರೇಕ್ ಸ್ವಿಚ್ಚೂ ಒತ್ತಿದೆ. ಓಹೋ, ಚಕ್ರ ಲಾಕ್ ಆಯ್ತು ಎಂದು ಇನ್‌ಲೆಟ್ ವಾಲ್ವ್ ಮುಚ್ಚಿ ಔಟ್‌ಲೆಟ್ ತೆರೆದು ಕ್ಯಾಲಿಪರಿನ ಒತ್ತಡ ಇಳಿಸುತ್ತದೆ. ಇಳಿದ ಆಯಿಲನ್ನು ಪಂಪ್ ವಾಪಸ್ ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರ್ ಕಡೆ ತಳ್ಳುತ್ತದೆ. ನಿಮ್ಮ ಅಂಗಾಲಿಗೆ ಬಡಿಯುವುದು ಅದೇ. ಗಾಡಿ ಮುಂದೆ ಓಡುವುದೂ ಅದಕ್ಕೇ, ಆ ಕ್ಷಣಕ್ಕೆ ಹಿಂದಿನ ಬ್ರೇಕ್ ಇರುವುದೇ ಇಲ್ಲ.

ನಿಧಾನ ಇದ್ದಾಗಲೇ ಏಕೆ? ಒಂದು ಪಲ್ಸಿಗೂ ಮುಂದಿನದಕ್ಕೂ ನಡುವೆ ಆಗ ಸಮಯ ಜಾಸ್ತಿ, ಹಾಗಾಗಿ ಒಂದು ತಪ್ಪಿದರೂ ದೊಡ್ಡ ವ್ಯತ್ಯಾಸ ಕಾಣುತ್ತದೆ. ವೇಗ ಏರಿದಾಗ ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ತಪ್ಪುವುದು ಕಂಡು, ಈ ಸಿಗ್ನಲ್ ನಂಬುವ ಹಾಗಿಲ್ಲ ಎಂದು ಕಂಟ್ರೋಲರ್ ಎಬಿಎಸ್ ಬಂದ್ ಮಾಡಿ ಲೈಟ್ ಹತ್ತಿಸುತ್ತದೆ. ಆಮೇಲೆ ಉಳಿಯುವುದು ಹಳೇ ಕಾಲದ ಮಾಮೂಲಿ ಡಿಸ್ಕ್ ಬ್ರೇಕ್. ನೀವು ವಿಚಿತ್ರ ಅಂದಿದ್ದಕ್ಕೆ ಕಾರಣ ಇದು.

ಈಗ ಒಂದು ಪ್ರಶ್ನೆ. ಈ ತೊಂದರೆ ಶುರುವಾಗುವ ಮುಂಚೆ ಹಿಂದಿನ ಚಕ್ರ ಬಿಚ್ಚಿದ್ದರಾ? ಟಯರ್, ಪಂಚರ್, ಬೇರಿಂಗ್, ಚೈನ್ ಸ್ಪ್ರಾಕೆಟ್, ಯಾವುದಾದರೂ ಸರಿ.

ಮಲ್ನಾಡ್ ಸವಾರ, ತೀರ್ಥಹಳ್ಳಿ

ಸರ್, ಹೌದು! ಮಳೆಗಾಲಕ್ಕೆ ಮುಂಚೆ ಹಿಂದಿನ ಟಯರ್ ಬದಲಿಸಿದ್ದು. ಪಂಚರ್ ಅಂಗಡಿಯಲ್ಲಿ, ಮಷಿನ್ ಇರಲಿಲ್ಲ, ಚಕ್ರ ನೆಲಕ್ಕೆ ಹಾಕಿ ಲಿವರ್‌ನಲ್ಲಿ ಬಿಚ್ಚಿದರು. ಅದಾದ ಮೇಲೇ ಇದು ಶುರುವಾಗಿದ್ದು, ಆದರೆ ಟಯರಿಗೂ ಎಬಿಎಸ್ಸಿಗೂ ಸಂಬಂಧ ಇದೆ ಎಂದು ಯಾರೂ ಹೇಳಲಿಲ್ಲ. ಸರ್ವಿಸ್ ಸೆಂಟರಿನಲ್ಲೂ ಕೇಳಲಿಲ್ಲ. ಈಗ ಮನೆಯಲ್ಲೇ ಹೇಗೆ ನೋಡುವುದು ಹೇಳುತ್ತೀರಾ? ಸ್ಪ್ಯಾನರ್ ಸೆಟ್ ಇದೆ, ಮಲ್ಟಿಮೀಟರ್ ಇದೆ.

ಸಿಗ್ನಲ್ ಶೋಧ, ಬೆಂಗಳೂರು

ಮಲ್ಟಿಮೀಟರ್ ಸದ್ಯಕ್ಕೆ ಪಕ್ಕಕ್ಕಿಡಿ. ಯೂಟ್ಯೂಬಿನಲ್ಲಿ ಸೆನ್ಸಾರಿನ ಓಮ್ ಅಳೆಯಿರಿ ಎಂದು ತೋರಿಸುತ್ತಾರೆ, ಅದು ಹಳೇ ಕಾಯಿಲ್ ಮಾದರಿಯ ಸೆನ್ಸಾರಿಗೆ. ಈಗಿನ ಬೈಕುಗಳಲ್ಲಿ ಹೆಚ್ಚಾಗಿ ಇರುವುದು ಎರಡು ವೈರಿನ ಹಾಲ್ ಮಾದರಿಯದು. ಒಳಗೆ ಎಲೆಕ್ಟ್ರಾನಿಕ್ಸ್ ಇದೆ, ಕರೆಂಟ್ ಕೊಟ್ಟಾಗ ಮಾತ್ರ ಕೆಲಸ ಮಾಡುತ್ತದೆ. ಒಂದು ಕಿಂಡಿ ಬಂದರೆ ಸುಮಾರು 7 ಮಿಲಿಆಂಪ್, ಕಿಂಡಿಗಳ ನಡುವಿನ ಹಲ್ಲು ಬಂದರೆ 14, ಹೀಗೆ ಕರೆಂಟ್ ಏರಿಳಿಯುವುದೇ ಅದರ ಸಿಗ್ನಲ್. ಓಮ್ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಸೆನ್ಸಾರ್ ಚೆನ್ನಾಗಿದ್ದರೂ ಹಾಳಾಗಿದೆ ಅನ್ನಿಸಿಬಿಡುತ್ತದೆ.

ಸರಿಯಾದ ದಾರಿ ಸ್ಕ್ಯಾನರಿನ ಲೈವ್ ಡೇಟಾ. ಎಬಿಎಸ್ ಓದಬಲ್ಲ ಸ್ಕ್ಯಾನರ್ ಬೇಕು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಡಬ್ಬಿಗಳು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ತೋರಿಸುತ್ತವೆ, ಅದನ್ನು ನಂಬಿ ಕೊಳ್ಳಬೇಡಿ. ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸುತ್ತಾ ಪರದೆಯ ಮೇಲೆ ಹಿಂದಿನ ಚಕ್ರದ ವೇಗ ನೋಡಿದರೆ ಸಾಕು. ಸಮವಾಗಿ ತಿರುಗಿಸುತ್ತಿದ್ದರೂ ಪ್ರತಿ ಸುತ್ತಿಗೆ ಒಮ್ಮೆ ಸೊನ್ನೆಗೆ ಬಿದ್ದು ಎದ್ದರೆ ರಿಂಗ್. ಯಾವುದೋ ಹೊತ್ತಿನಲ್ಲಿ ಬೇಕಾಬಿಟ್ಟಿ ಬಿದ್ದರೆ ವೈರ್ ಅಥವಾ ವೈರ್ ಜೋಡಿಸುವ ಕಪ್ಲರ್. ಏನೂ ಬರದೇ ಇದ್ದರೆ ಸೆನ್ಸಾರ್. ಐದು ನಿಮಿಷದ ಕೆಲಸ ಇದು. ಇದನ್ನು ಮಾಡದೆ ಮಾಡ್ಯೂಲ್ ಬದಲಿಸಿ ಎನ್ನುವವರ ಕೈಗೆ ಗಾಡಿ ಕೊಡಬೇಡಿ, ಏಕೆಂದರೆ ರಿಂಗ್ ಬಗ್ಗಿದ್ದರೆ ಹೊಸ ಮಾಡ್ಯೂಲಿಗೂ ಅದೇ ತಪ್ಪು ಸಿಗ್ನಲ್ಲೇ ಹೋಗುತ್ತದೆ, ಇಪ್ಪತ್ತು ಸಾವಿರ ಕೊಟ್ಟ ಮೇಲೂ ಪೆಡಲ್ ಒದೆಯುತ್ತದೆ.

ಗ್ಯಾರೇಜ್ ಮನುಷ್ಯ, ಹುಬ್ಬಳ್ಳಿ

ಸ್ಕ್ಯಾನರ್ ಸಿಗದಿದ್ದರೆ ಕಣ್ಣು ಮತ್ತು ಫೀಲರ್ ಗೇಜ್ ಸಾಕು. ಸಂದು ಅಳೆಯುವ ತೆಳು ಬ್ಲೇಡುಗಳ ಕಟ್ಟು, ಎಂಜಿನ್ನಿನ ವಾಲ್ವ್ ಕ್ಲಿಯರೆನ್ಸ್ ಹಿಡಿಯುವ ಅದೇ ಗೇಜ್, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ.

ಡಬಲ್ ಸ್ಟ್ಯಾಂಡ್ ಹಾಕಿ, ಕೀ ಆಫ್, ಗೇರ್ ನ್ಯೂಟ್ರಲ್. ಎಂಜಿನ್ ಓಡಿಸಿ ಚಕ್ರ ತಿರುಗಿಸಬೇಡಿ. ಬೆರಳಿಗೆ ಅಪಾಯ ಅನ್ನುವುದು ಒಂದು, ಇನ್ನೊಂದು ಮುಂದಿನ ಚಕ್ರ ನಿಂತು ಹಿಂದಿನದು ಮಾತ್ರ ಓಡಿದರೆ ಚೆನ್ನಾಗಿರುವ ಗಾಡಿಯಲ್ಲೂ ಎಬಿಎಸ್ ಲೈಟ್ ಹತ್ತುತ್ತದೆ. ಅದನ್ನು ನೋಡಿ ಗಾಬರಿಯಾಗಿ ನಮ್ಮಲ್ಲಿಗೆ ಬಂದವರು ಬೇಕಾದಷ್ಟು ಜನ. ಸುಮ್ನೆ ಕೀ ಆಫ್ ಆನ್ ಮಾಡಿ ರಸ್ತೆಯಲ್ಲಿ ಓಡಿಸಿದರೆ ಅದು ಹೋಗುತ್ತದೆ.

ಮೊದಲು ಸೆನ್ಸಾರ್ ಬೋಲ್ಟ್ ಬಿಚ್ಚಿ ಮೂತಿ ನೋಡಿ. ಅದರೊಳಗೆ ಆಯಸ್ಕಾಂತ ಇದ್ದರೆ ಬ್ರೇಕ್ ಪ್ಯಾಡಿನ ಕಬ್ಬಿಣದ ಪುಡಿ ಅಲ್ಲಿ ಮೀಸೆಯ ಹಾಗೆ ಮೆತ್ತಿಕೊಂಡಿರುತ್ತದೆ, ಮೇಲೆ ಚೈನಿನ ಗ್ರೀಸು. ಒಣ ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್ ಹಾಕಬೇಡಿ. ವಾಪಸ್ ಹಾಕುವಾಗ ಸೆನ್ಸಾರ್ ಕೂರುವ ಜಾಗದಲ್ಲಿ ತುಕ್ಕು, ಮಣ್ಣು ಇರಬಾರದು. ಅರ್ಧ ಮಿ.ಮೀ. ಮಣ್ಣು ಇದ್ದರೆ ಸಂದೂ ಅಷ್ಟೇ ಬದಲಾಗುತ್ತದೆ.

ಆಮೇಲೆ ಚಕ್ರ ನಿಧಾನಕ್ಕೆ ತಿರುಗಿಸುತ್ತಾ ಸುತ್ತಲೂ ನಾಲ್ಕೈದು ಕಡೆ ಗೇಜ್ ತೂರಿಸಿ ನೋಡಿ. ಎಲ್ಲಾ ಕಡೆ ಒಂದೇ ಇರಬೇಕು. ಮ್ಯಾನುಯಲ್‌ನಲ್ಲಿ ಗರಿಷ್ಠ ಎಷ್ಟು ಎಂದು ಕೊಟ್ಟಿರುತ್ತಾರೆ. ಎಲ್ಲಾ ಕಡೆಯೂ ಒಂದೇ ಸಮ ಜಾಸ್ತಿ ಇದ್ದರೆ ಚಕ್ರದ ಎರಡೂ ಪಕ್ಕ ಆಕ್ಸಲಿನ ಮೇಲೆ ಕೂರುವ ಬುಷ್ ಎಡ ಬಲ ಅದಲು ಬದಲಾಗಿದೆ ಎಂದು ಅರ್ಥ, ಚಕ್ರ ವಾಪಸ್ ಕೂರಿಸುವಾಗ ಆಗುವ ಸಾಮಾನ್ಯ ತಪ್ಪು. ಒಂದು ಕಡೆ ಮಾತ್ರ ಜಾಸ್ತಿ ಇದ್ದರೆ ರಿಂಗ್ ಬಗ್ಗಿದೆ. ಚಕ್ರ ಹಿಡಿದು ಆಚೀಚೆ ಅಲ್ಲಾಡಿಸಿಯೂ ನೋಡಿ. ಬೇರಿಂಗ್ ಸವೆದಿದ್ದರೆ ಸಂದು ತಿರುವಿನಲ್ಲೊಂದು, ನೇರ ರಸ್ತೆಯಲ್ಲೊಂದು ಆಗುತ್ತದೆ.

ಸೆನ್ಸಾರ್ ವೈರನ್ನು ಸ್ವಿಂಗ್ ಆರ್ಮ್ ಉದ್ದಕ್ಕೂ ಬೆರಳಲ್ಲಿ ತಡವಿಕೊಂಡು ಹೋಗಿ. ಕ್ಲಿಪ್ ಬಿಟ್ಟು ಟಯರಿಗೆ ಉಜ್ಜುತ್ತಿರಬಹುದು.

ನೈಟ್ ರೈಡರ್, ಮೈಸೂರು

ಇಷ್ಟೆಲ್ಲಾ ಏಕೆ ಗುರು? ಫ್ಯೂಸ್ ಕಿತ್ತು ಓಡಿಸಿ. ನಮ್ಮಪ್ಪನ ಕಾಲದಲ್ಲಿ ಯಾವ ಎಬಿಎಸ್ ಇತ್ತು? ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಿಎಸ್6 ಗಾಡಿಯಲ್ಲಿ ಕಂಪನಿಯೇ ಹಿಂದಿನ ಎಬಿಎಸ್ ಆಫ್ ಮಾಡಲು ಸ್ವಿಚ್ ಕೊಟ್ಟಿದೆ. ಹಿಂದಿನದಕ್ಕೆ ಎಬಿಎಸ್ ಇಲ್ಲದಿದ್ದರೆ ಪ್ರಪಂಚ ಮುಳುಗುವುದಿಲ್ಲ.

ಸಿಗ್ನಲ್ ಶೋಧ, ಬೆಂಗಳೂರು

ನೈಟ್ ರೈಡರ್, ಇದನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ಹಿಮಾಲಯನ್‌ನ ಸ್ವಿಚ್ ಹಿಂದಿನ ಚಕ್ರದ ಎಬಿಎಸ್ ಮಾತ್ರ ನಿಲ್ಲಿಸುತ್ತದೆ, ಕಚ್ಚಾ ರಸ್ತೆಯಲ್ಲಿ ಬೇಕಾಗುತ್ತದೆ ಎಂದು ಯೋಚಿಸಿಯೇ ಕೊಟ್ಟಿದ್ದು. ಮುಂದಿನದು ಆಗಲೂ ಕೆಲಸ ಮಾಡುತ್ತಿರುತ್ತದೆ. ಫ್ಯೂಸ್ ಕಿತ್ತರೆ ಎರಡೂ ಹೋಗುತ್ತವೆ. ಮಳೆಯಲ್ಲಿ ಆಗುಂಬೆ ಇಳಿಯುತ್ತಾ ಮುಂದಿನ ಚಕ್ರ ಲಾಕ್ ಆದರೆ ಬೀಳುವುದನ್ನು ತಡೆಯಲು ಸಮಯವೇ ಇರುವುದಿಲ್ಲ. 125 ಸಿಸಿ ಮೇಲಿನ ಗಾಡಿಗಳಿಗೆ 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಲ್ಲಿ, 2019ರ ಏಪ್ರಿಲ್‌ನಿಂದ ಎಲ್ಲದರಲ್ಲೂ ಎಬಿಎಸ್ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ.

ಆದರೆ ಫ್ಯೂಸನ್ನು ಪರೀಕ್ಷೆಗೆ ಒಮ್ಮೆ ಬಳಸಬಹುದು. ಖಾಲಿ ಮೈದಾನದಲ್ಲಿ ಎಬಿಎಸ್ ಫ್ಯೂಸ್ ತೆಗೆದು 20ರ ವೇಗದಲ್ಲಿ ಹಿಂದಿನ ಬ್ರೇಕ್ ಒತ್ತಿ ನೋಡಿ. ಆಗಲೂ ಪೆಡಲ್ ಅದುರಿದರೆ ಡಿಸ್ಕ್ ಬಾಗಿದೆ, ಎಬಿಎಸ್ಸಿಗೆ ಸಂಬಂಧವಿಲ್ಲ. ಅದುರುವುದು ನಿಂತುಹೋದರೆ ಎಬಿಎಸ್ ತಪ್ಪು ತಿಳಿದು ಬ್ರೇಕ್ ಬಿಡುತ್ತಿದೆ ಎಂದು ಖಾತ್ರಿ. ನೋಡಿದ ಕೂಡಲೇ ಫ್ಯೂಸ್ ವಾಪಸ್ ಹಾಕಿ, ಅದೇ ಆಂಪಿಯರಿನದ್ದು. ನಿಮ್ಮ ವಿಷಯದಲ್ಲಿ ಇದೂ ಬೇಕಿಲ್ಲ, ಲೈಟ್ ಹತ್ತಿದ ಮೇಲೆ ಅದುರುವುದಿಲ್ಲ ಎಂದು ನೀವೇ ಬರೆದಿದ್ದೀರಿ, ಎರಡೂ ಒಂದೇ.

ಮಲ್ನಾಡ್ ಸವಾರ, ತೀರ್ಥಹಳ್ಳಿ

ಎಲ್ಲರಿಗೂ ಧನ್ಯವಾದ. ಇವತ್ತು ಮಳೆ ಬಿಟ್ಟಿತ್ತು, ಅಂಗಳದಲ್ಲೇ ನೋಡಿದೆ.

ಸೆನ್ಸಾರ್ ಮೂತಿಯಲ್ಲಿ ಕಪ್ಪು ಮಸಿ ಇತ್ತು, ಒರೆಸಿದೆ. ಲೈಟ್ ವಿಷಯದಲ್ಲಿ ಅದರಿಂದ ವ್ಯತ್ಯಾಸ ಆಗಲಿಲ್ಲ. ವೈರ್, ಕಪ್ಲರ್ ಚೆನ್ನಾಗಿವೆ, ಬೇರಿಂಗ್ ಅಲ್ಲಾಡುವುದಿಲ್ಲ, ಬುಷ್‌ಗಳು ಸರಿಯಾದ ಕಡೆಯೇ ಇವೆ. ಆಮೇಲೆ ಗೇಜ್ ಹಿಡಿದು ಕೂತೆ. ಟಯರ್ ವಾಲ್ವ್ ಕೆಳಗಿದ್ದಾಗ 0.9 ಮಿ.ಮೀ. ಬ್ಲೇಡುಗಳು ಬಿಗಿಯಾಗಿ ಹೋಗುತ್ತವೆ. ಕಾಲು ಸುತ್ತು ತಿರುಗಿಸಿದರೆ ಅಲ್ಲೂ ಅಷ್ಟೇ. ವಾಲ್ವ್ ಮೇಲಕ್ಕೆ ಬಂದಾಗ ಬ್ಲೇಡ್ ಸಡಿಲವಾಗಿ ಆಡಲು ಶುರುವಾಯಿತು, ಒಂದೊಂದೇ ಸೇರಿಸುತ್ತಾ ಹೋದೆ, 2 ಮಿ.ಮೀ. ದಾಟಿತು. ನಮ್ಮ ಮ್ಯಾನುಯಲ್‌ನಲ್ಲಿ 1.5 ದಾಟಬಾರದು ಎಂದಿದೆ. ಟಾರ್ಚ್ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ರಿಂಗಿನ ಅಂಚಿನ ಬಣ್ಣ ಎದ್ದು ಬೆಳ್ಳಗೆ ಹೊಳೆಯುವ ಗೀರು ಇದೆ, ಮೂರು ಕಿಂಡಿಗಳ ಉದ್ದಕ್ಕೆ, ತಗಡು ಒಳಕ್ಕೆ ಸಣ್ಣಗೆ ತಗ್ಗಾಗಿದೆ. ದೂರದಿಂದ ನೋಡಿದರೆ ಕಾಣುವುದೇ ಇಲ್ಲ. ಚಕ್ರವನ್ನು ಆ ಕಡೆ ಕೆಳಗೆ ಮಾಡಿ ಕಲ್ಲಿನ ಮೇಲೆ ಹಾಕಿ ಟಯರ್ ತುಳಿದಿದ್ದಾರೆ, ಇಲ್ಲವೇ ಲಿವರ್ ತಾಗಿಸಿದ್ದಾರೆ.

ಸಿಟ್ಟು ಬರುವುದು ಇದಕ್ಕೇ. ಇಷ್ಟು ನೋಡಲು ಯಾರಿಗೂ ಪುರುಸೊತ್ತಿಲ್ಲ, ಇಪ್ಪತ್ತು ಸಾವಿರದ ಪಾರ್ಟ್ ಬರೆದುಕೊಡಲು ಮಾತ್ರ ಎರಡು ನಿಮಿಷ ಸಾಕು. ಕೈಯಲ್ಲಿ ದುಡ್ಡಿದ್ದಿದ್ದರೆ ನಾನು ಹಾಕಿಸಿಯೇ ಬಿಡುತ್ತಿದ್ದೆ.

ಈಗ ಇದನ್ನು ಮೆಲ್ಲಗೆ ಕಟಿಂಗ್ ಪ್ಲೇಯರ್‌ನಲ್ಲಿ ನೆಟ್ಟಗೆ ಮಾಡಬಹುದಾ?

ಕುಡ್ಲ ರೈಡರ್

ನನ್ನ ಊಹೆ ತಪ್ಪಾಯಿತು, ಒಳ್ಳೆಯದೇ ಆಯಿತು ಬಿಡಿ. ರಿಂಗ್ ನೆಟ್ಟಗೆ ಮಾಡಬಹುದು ಮಾರಾಯ್ರೆ, ನನ್ನ ತಮ್ಮನ ಗಾಡಿಯದ್ದು ಹಾಗೇ ಮಾಡಿದ್ದೆವು. ರಿಂಗ್ ಬಿಚ್ಚಿ ದಪ್ಪ ಗಾಜಿನ ಮೇಲಿಟ್ಟು, ಎಲ್ಲಿ ಎದ್ದಿದೆ ನೋಡಿಕೊಂಡು, ಮರದ ತುಂಡು ಇಟ್ಟು ಒತ್ತಿದ್ದು. ಲೈಟ್ ಹೋಯಿತು.

ಗ್ಯಾರೇಜ್ ಮನುಷ್ಯ, ಹುಬ್ಬಳ್ಳಿ

ಪ್ಲೇಯರ್ ಬೇಡವೇ ಬೇಡ. ಹಲ್ಲಿನ ಅಂಚು ಮುರಿದರೆ, ಕಿಂಡಿಯ ಅಗಲ ಒಂದು ಕೂದಲಷ್ಟು ಬದಲಾದರೂ ಇನ್ನೊಂದು ರೀತಿಯ ತಪ್ಪು ಸಿಗ್ನಲ್ ಶುರುವಾಗುತ್ತದೆ. ಕುಡ್ಲ ಅವರು ಹೇಳಿದ ಹಾಗೆ ಗಾಜಿನ ಮೇಲಿಟ್ಟು ಒತ್ತಿದರೆ ಕೆಲವು ಸಲ ಸರಿಹೋಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ನೀವು ಘಾಟಿ ರಸ್ತೆಯಲ್ಲಿ ಮಗು ಕೂರಿಸಿಕೊಂಡು ಓಡಿಸುವವರು. ರಿಂಗ್ ಒಂದೇ ಬಿಡಿಯಾಗಿ ಸಿಗುತ್ತದೆ, ಬಹಳ ಗಾಡಿಗಳಲ್ಲಿ ಸಾವಿರದೊಳಗೆ. ಹೊಸದು ಹಾಕಿ, ಯೋಚನೆ ಬಿಡಿ.

ಹಾಕುವಾಗ ಹಬ್ಬಿನ ಮೇಲೆ ರಿಂಗ್ ಕೂರುವ ಜಾಗ ಚೆನ್ನಾಗಿ ಒರೆಸಿ. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಎದುರು ಬದುರು ಸ್ವಲ್ಪ ಸ್ವಲ್ಪ ಬಿಗಿಯಿರಿ, ಮ್ಯಾನುಯಲ್‌ನಲ್ಲಿ ಹೇಳಿದ್ದರೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಥ್ರೆಡ್ ಲಾಕ್ ಅಂಟು ಒಂದು ಹನಿ. ಪಾರ್ಟ್ ನಂಬರ್ ನೋಡಿಯೇ ತನ್ನಿ. ನೋಡಲು ಒಂದೇ ಥರ ಇರುವ ರಿಂಗಿನಲ್ಲಿ ಕಿಂಡಿಗಳ ಲೆಕ್ಕ ಬೇರೆ ಇರಬಹುದು, ಆಗ ಕಂಟ್ರೋಲರಿಗೆ ಹಿಂದಿನ ಚಕ್ರ ಸದಾ ಬೇರೆ ವೇಗದಲ್ಲಿ ಓಡುತ್ತಿರುವಂತೆ ಕಾಣುತ್ತದೆ. ಹಳೇ ರಿಂಗ್ ಕೈಯಲ್ಲಿ ಹಿಡಿದುಕೊಂಡು ಹೋಗಿ ಎಣಿಸಿ ತನ್ನಿ.

ಚಕ್ರ ಕೂರಿಸಿದ ಮೇಲೆ ಮತ್ತೆ ಸುತ್ತಲೂ ಸಂದು ಅಳೆಯಿರಿ. ಆಮೇಲೆ ಪೆಡಲನ್ನು ಕೈಯಲ್ಲಿ ನಾಲ್ಕಾರು ಸಲ ಒತ್ತಿ ಪ್ಯಾಡ್ ಡಿಸ್ಕಿಗೆ ಹತ್ತಿರ ಬರಲಿ, ಅದಾದ ಮೇಲೇ ಗಾಡಿ ಹೊರಡಿಸಿ.

ಮಲ್ನಾಡ್ ಸವಾರ, ತೀರ್ಥಹಳ್ಳಿ

ರಿಂಗ್ ಶಿವಮೊಗ್ಗದಲ್ಲಿ ಸಿಗಲಿಲ್ಲ, ತರಿಸಿಕೊಂಡೆ, ಏಳುನೂರು ಚಿಲ್ಲರೆ ಆಯಿತು. ಎಣಿಸಿ ನೋಡಿಯೇ ತಂದೆ. ಹಾಕಿ ಅಳೆದರೆ ಸುತ್ತಲೂ 0.9, ಒಂದು ಕಡೆ ಮಾತ್ರ 1.0. ಲೈಟ್ ಹೊರಟ ಕೂಡಲೇ ಆರಿತು. ಮಂಡಗದ್ದೆವರೆಗೆ ಹೋಗಿ ಬಂದೆ, 40 ಅಲ್ಲ, 70 ದಾಟಿದರೂ ಹತ್ತಲಿಲ್ಲ. ಮೈದಾನದಲ್ಲಿ ನಿಧಾನಕ್ಕೆ ಬೇಕೆಂದೇ ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ, ಪೆಡಲ್ ಒಮ್ಮೆಯೂ ಒದೆಯಲಿಲ್ಲ. ಜಲ್ಲಿ ಇದ್ದ ಕಡೆ ಜೋರಾಗಿ ಒತ್ತಿದಾಗ ಮಾತ್ರ ಟಕಟಕ ಬಂತು, ಅದು ಬರಬೇಕಾದದ್ದೇ ಅಲ್ವಾ ಸರ್? ಕಂಟ್ರೋಲರಿನಲ್ಲಿ ದಾಖಲಾದ ಹಳೇ ದೋಷದ ಕೋಡ್ ಅಳಿಸಬೇಕಾ?

ಸಿಗ್ನಲ್ ಶೋಧ, ಬೆಂಗಳೂರು

ಜಲ್ಲಿಯಲ್ಲಿ ಬಂದದ್ದು ನಿಜವಾದ ಎಬಿಎಸ್, ಅಂದರೆ ನಿಮ್ಮ ಮಾಡ್ಯೂಲ್ ಗಟ್ಟಿಯಾಗಿದೆ ಎಂದಾಯಿತು. ಲೈಟ್ ಆರಿದೆ ಅಂದರೆ ಎಬಿಎಸ್ ಕೆಲಸ ಮಾಡುತ್ತಿದೆ. ಹಳೇ ಕೋಡ್ ಮೆಮೊರಿಯಲ್ಲಿ ಉಳಿದಿರಬಹುದು, ಅದರಿಂದ ತೊಂದರೆ ಇಲ್ಲ. ಮುಂದಿನ ಸರ್ವಿಸ್‌ನಲ್ಲಿ ಅಳಿಸಿ ಎಂದು ಹೇಳಿ ಸಾಕು, ಇಲ್ಲದಿದ್ದರೆ ಯಾರೋ ಅದನ್ನು ನೋಡಿ ಮತ್ತೆ ಸೆನ್ಸಾರ್ ಬದಲಿಸಿ ಎಂದಾರು.

ಅರಸೀಕೆರೆ ಹುಡುಗ

ನನ್ನದೂ ಹಿಂದಿನ ಬ್ರೇಕ್ ಒತ್ತಿದರೆ ಪೆಡಲ್ ಅದುರುತ್ತದೆ. 160 ಸಿಸಿ, ಸಿಂಗಲ್ ಚಾನೆಲ್, ಹಿಂದೆ ಡಿಸ್ಕ್. ಎಬಿಎಸ್ ಲೈಟ್ ಹತ್ತಿಲ್ಲ. ನಾನೂ ರಿಂಗ್ ನೋಡಬೇಕಾ ಅಣ್ಣ?

ಗ್ಯಾರೇಜ್ ಮನುಷ್ಯ, ಹುಬ್ಬಳ್ಳಿ

ಬೇಡ ತಮ್ಮಾ. ಸಿಂಗಲ್ ಚಾನೆಲ್ ಅಂದರೆ ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್, ಹಿಂದಿನ ಬ್ರೇಕಿನ ಆಯಿಲ್ ಮಾಡ್ಯೂಲಿನ ಕಡೆ ಹೋಗುವುದೇ ಇಲ್ಲ. ನಿನ್ನದು ಡಿಸ್ಕ್ ಬಾಗಿರಬೇಕು. ಚಕ್ರ ಎತ್ತಿ ತಿರುಗಿಸು, ಕ್ಯಾಲಿಪರ್ ಬ್ರಾಕೆಟ್ಟಿಗೆ ಒಂದು ಕಡ್ಡಿ ಕಟ್ಟಿ ಡಿಸ್ಕಿಗೆ ತಾಗುವಷ್ಟು ಹತ್ತಿರ ಇಟ್ಟು ನೋಡು, ಒಂದು ಜಾಗದಲ್ಲಿ ಉಜ್ಜಿ ಇನ್ನೊಂದು ಜಾಗದಲ್ಲಿ ಸಂದು ಬಿಟ್ಟರೆ ಬಾಗಿದೆ. ಡಿಸ್ಕಿನ ದಪ್ಪವನ್ನೂ ಅಳತೆ ಮಾಡಿಸು, ಎಷ್ಟಕ್ಕಿಂತ ಕಡಿಮೆ ಆಗಬಾರದು ಎಂದು ಡಿಸ್ಕಿನ ಮೇಲೇ ಬರೆದಿರುತ್ತದೆ. ಮತ್ತೆ, ಪೆಡಲಿಗೆ ಸ್ವಲ್ಪ ಫ್ರೀ ಪ್ಲೇ, ಅಂದರೆ ಬ್ರೇಕ್ ಹಿಡಿಯುವ ಮುಂಚಿನ ಸಡಿಲ ಆಟ, ಇದೆಯಾ ನೋಡು. ಇಲ್ಲದಿದ್ದರೆ ಬ್ರೇಕ್ ಸದಾ ಸ್ವಲ್ಪ ಹಿಡಿದೇ ಇರುತ್ತದೆ, ಡಿಸ್ಕ್ ಕಾಯುತ್ತದೆ, ಹೊಸ ಡಿಸ್ಕ್ ಹಾಕಿದರೂ ಮತ್ತೆ ಬಾಗುತ್ತದೆ.

ಮಲ್ನಾಡ್ ಸವಾರ ಅವರಿಗೆ ಒಂದು ಮಾತು. ಆ ಪಂಚರ್ ಅಂಗಡಿಯವರ ಹತ್ತಿರ ಜಗಳ ಆಡಬೇಡಿ, ಹಳೇ ರಿಂಗ್ ತೆಗೆದುಕೊಂಡು ಹೋಗಿ ತೋರಿಸಿ. ಚಕ್ರ ನೆಲಕ್ಕೆ ಹಾಕುವಾಗ ಡಿಸ್ಕ್ ಇರುವ ಕಡೆ ಮೇಲಕ್ಕಿರಬೇಕು, ಅಡಿಗೆ ಒಂದು ಹಳೇ ಕಾರ್ ಟಯರ್ ಇಟ್ಟುಕೊಂಡರೆ ಸ್ಪ್ರಾಕೆಟ್ಟಿಗೂ ಪೆಟ್ಟಾಗುವುದಿಲ್ಲ. ಎರಡೂ ಕಡೆ ತಿರುವಿ ಹಾಕುವ ಕೆಲಸ ಇದ್ದರೆ ಡಿಸ್ಕ್ ಮತ್ತು ರಿಂಗ್ ಮೊದಲೇ ಬಿಚ್ಚಿಡುವುದು ಒಳ್ಳೆಯದು. ನಿಮ್ಮೂರಲ್ಲಿ ಎಬಿಎಸ್ ಗಾಡಿಗಳು ಅವರ ಕೈಗೇ ಹೋಗುವುದು, ಅವರಿಗೆ ಗೊತ್ತಾದರೆ ಸಾಕು.